ಅಡ್ಜಸ್ಟ್ ಮಾಡ್ಕೊ

ಹಾಸನ
೧೧ ಜೂನ್ ೨೦೨೪

ಪ್ರೀತಿಯ ಅವ್ವನಿಗೆ, ಮಗಳು ಶಿವರಂಜನಿಯ ನಮಸ್ಕಾರ.

ಕ್ಷೇಮ ಎಂದು ಈ ಸಲ ಬರೆಯುವುದಿಲ್ಲ. ದವಡೆ ಎರಡು ಕಡೆ ಮುರಿದಿದೆ. ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದಾರೆ; ಆರು ವಾರ ಬಾಯಿ ತೆರೆಯುವಂತಿಲ್ಲ. ಅದಕ್ಕೇ ಫೋನ್ ಬದಲು ಈ ಪತ್ರ.

ಕೇಸು ವಾಪಸ್ ತೆಗೆದುಕೊ ಎಂದು ನೀನು ಸಿದ್ದೇಶಣ್ಣನ ಕೈಲಿ ಹೇಳಿ ಕಳಿಸಿದ್ದೆ. ಅಣ್ಣ ಹಾಸಿಗೆಯ ಪಕ್ಕ ನಿಂತು ನಿನ್ನ ಮಾತನ್ನು ಒಪ್ಪಿಸಿದ: "ಗಂಡಸ್ರು ಕ್ವಾಪದಲ್ಲಿ ಒಂದೇಟು ಒಡೀತಾರೆ, ಒಸಿ ಅಡ್ಜಸ್ಟ್ ಮಾಡ್ಕೊ ಅನ್ನು ಅಂದ್ಲು ಕಣವ್ವ ಅವ್ವ."

ಒಂದೇಟಲ್ಲ. ನಿನ್ನ ಅಳಿಯ ಗೌರೀಶಂಕರ ನನ್ನ ಬಾಡಿಗೆ ರೂಮಿನ ಬಾಗಿಲು ಒದ್ದು ಒಳಗೆ ಬಂದ. ಜಡೆ ಹಿಡಿದು ನನ್ನ ಮುಖವನ್ನು ಸಿಂಕಿನ ಅಂಚಿಗೆ ಜಜ್ಜಿದ. ನಾನು ಎಣಿಸಿದ್ದು ನಾಲ್ಕು ಸಲ. ಬಿದ್ದ ಮೇಲೆ ಬೂಟುಗಾಲಿನಲ್ಲಿ ಒದ್ದ. ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ. ಎದುರು ಮನೆಯ ರಾಜೀಮತಿ ಕೂಗಿ ಜನ ಸೇರಿಸದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ.

ಹತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟರೂ ಅಡ್ಜಸ್ಟ್ ಎಂಬ ಆ ಕ್ರಿಯಾಪದ ಎಲ್ಲಿಂದ ಬಂತೆಂದು ನೋಡಿರಲಿಲ್ಲ. ಇಲ್ಲಿ ಮಲಗಿ ನೋಡಿದೆ. ಲ್ಯಾಟಿನ್ನಿನಲ್ಲಿ ಅದರ ಬೇರಿಗೆ 'ಹತ್ತಿರ' ಎಂದರ್ಥ; ಹಳೆಯ ಫ್ರೆಂಚಿನಲ್ಲಿ, ಹತ್ತಿರ ತಂದು ಕೂಡಿಸುವುದು. ನ್ಯಾಯಕ್ಕೂ ಅದಕ್ಕೂ ನಂಟಿದೆ ಎಂದು ಜನ ಆಮೇಲೆ ತಪ್ಪಾಗಿ ತಿಳಿದರಂತೆ. ನಾವು ಅದನ್ನು ಬಸ್ಸಿನ ಸೀಟಿಗೂ ಮಗಳ ಸಂಸಾರಕ್ಕೂ ಬಳಸುತ್ತೇವೆ.

ಎರಡು ಸಲ ಹೊಡೆತ ತಿಂದು ತವರೆಂದು ಬಾಗೂರಿಗೆ ಬಂದೆ. ಎರಡು ಸಲವೂ ಹಿರಿಯರು ನಮ್ಮಿಬ್ಬರನ್ನು ಒಂದೇ ಚಾಪೆಯ ಮೇಲೆ ಕೂರಿಸಿ, ಒಬ್ಬರ ಹಣೆಗೆ ಇನ್ನೊಬ್ಬರಿಂದ ವಿಭೂತಿ ಹಚ್ಚಿಸಿದರು. ನೀನು ಮಡಿಲಕ್ಕಿ ಕಟ್ಟಿ ಅರಕಲಗೂಡಿನ ಬಸ್ಸು ಹತ್ತಿಸಿದೆ. ಮೊದಲ ಸಲ ಮೂರನೇ ದಿನಕ್ಕೆ ನನ್ನ ಬೆರಳು ಮುರಿದ. ಎರಡನೇ ಸಲ ಹೊಟ್ಟೆಗೆ ಒದ್ದ. ಐದು ತಿಂಗಳ ಮಗು ಹೋಯಿತು. ಬಚ್ಚಲಲ್ಲಿ ಜಾರಿದೆ ಎಂದು ಡಾಕ್ಟರಿಗೆ ನಾನೇ ಹೇಳಿದೆ. ಮೂರನೇ ಸಲ ಬಾಗೂರಿಗೆ ಬರಲಿಲ್ಲ, ಹಾಸನದಲ್ಲಿ ರೂಮು ಹಿಡಿದೆ.

ಈಗ ಹೇಳಿಕೆ ಬರೆದು ಸಹಿ ಮಾಡಿದ್ದೇನೆ. ಕೇಸು ವಾಪಸ್ ತೆಗೆಯುವುದಿಲ್ಲ. ತೆಗೆದರೆ ಅಣ್ಣ ಇನ್ನೊಮ್ಮೆ ಬರಬೇಕಾಗುವುದು ಹೆಣ ಒಯ್ಯಲು.

ಬಿಪಿ ಮಾತ್ರೆ ತಪ್ಪಿಸಬೇಡ.

ನಿನ್ನ
ರಂಜನಿ

ತಾ.ಕ.: ರೂಮಿನ ವಿಳಾಸ ಅವನಿಗೆ ಹೇಗೆ ಸಿಕ್ಕಿತೆಂದು ಇನ್‌ಸ್ಪೆಕ್ಟರ್ ಎರಡು ಸಲ ಕೇಳಿದರು. ಗೊತ್ತಿಲ್ಲ ಎಂದು ಬರೆದುಕೊಟ್ಟೆ. ಇಡೀ ಹೇಳಿಕೆಯಲ್ಲಿ ಸುಳ್ಳು ಅದೊಂದೇ. ನಿನಗೊಬ್ಬಳಿಗೇ ಕೊಟ್ಟಿದ್ದೆ, ಅವ್ವ.