ತೊಳೆದ ಮೊಟ್ಟೆಗಳು

ಭದ್ರಾವತಿ
12-8-1962

ಪ್ರೀತಿಯ ರೋಶನ್ ಬೀಗೆ,

ಮಹಾಂತಮ್ಮ ಮಾಡುವ ನಮಸ್ಕಾರಗಳು. ನಿನ್ನ ಕಾರ್ಡು ಬಂದು ತಿಂಗಳ ಮೇಲಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಈ ಮಳೆಯಲ್ಲಿ ಹಸಿ ಸೌದೆ ಊದಿ ಒಲೆ ಹತ್ತಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಉಳಿದರ್ಧ ನಿನ್ನ ಕೋಳಿಗಳ ಪಾಲು. ರಸೂಲ್ ಸಾಬರ ಮಂಡಿನೋವು ಹೇಗಿದೆ? ಮಗ ಹಯಾತನ ಸೈಕಲ್ ಶಾಪು ಚೆನ್ನಾಗಿ ನಡೆಯುತ್ತಿದೆಯೇ?

ರಸೂಲ್ ಸಾಬರು ರಿಟೈರಾಗಿ, ನೀವು ನಮ್ಮ ಪಕ್ಕದ ಕ್ವಾರ್ಟರ್ಸ್ ಖಾಲಿ ಮಾಡಿ ಶಿವಮೊಗ್ಗಕ್ಕೆ ಹೋಗಿ ನಾಲ್ಕು ತಿಂಗಳಾಯಿತು. "ಎರಡು ವಾರ ನೋಡ್ಕೊ ಮಾರಾಯ್ತಿ, ಅಲ್ಲಿ ಗೂಡು ಮಾಡಿಸ್ಕೊಂಡು ಬಂದು ತಗೊಂಡು ಹೋಗ್ತೀನಿ" ಎಂದು ಆರು ಕೋಳಿ, ಒಂದು ಹುಂಜ ಬಿಟ್ಟುಹೋದೆ. ಸಾಲಿನಲ್ಲಿ ಇಷ್ಟೊಂದು ಮನೆಗಳಿರುವಾಗ ಲಿಂಗಾಯತರ ಮನೆಯೇ ಬೇಕಿತ್ತೇ ಎಂದು ನಾನು ಕೇಳಿದ್ದಕ್ಕೆ, "ನಿಮ್ಮನೇಲಾದ್ರೆ ಕೊಯ್ದು ತಿನ್ನೋರಿಲ್ಲ" ಎಂದು ನಕ್ಕಿದ್ದೆ. ಯಾರೂ ತಿಂದಿಲ್ಲ. ಅವೇ ನನ್ನನ್ನು ತಿನ್ನುತ್ತಿವೆ.

ಬೆಳಿಗ್ಗೆ ಬುಟ್ಟಿ ಎತ್ತಿದ್ದೇ ತಡ, ನೆಟ್ಟಗೆ ನನ್ನ ಕೊತ್ತಂಬರಿ ಪಾತಿಗೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಿಕ್ಕೆ, ಬಾವಿಕಟ್ಟೆಯ ಮೇಲೆ ಹಿಕ್ಕೆ. ಬಿಳಿಯದನ್ನು ಮುಂಗುಸಿ ಹೊತ್ತುಕೊಂಡು ಹೋಯಿತು, ನಿನಗೆ ಹೇಗೆ ಹೇಳಲಿ ಎಂದು ಎರಡು ದಿನ ಊಟ ಸೇರಲಿಲ್ಲ. ನಮ್ಮನೆಯವರು ಶಿಫ್ಟ್ ಮುಗಿಸಿ ಬಂದು, "ಸ್ವಾಮಿಗಳನ್ನ ಕರೆಸಿ ಇವಕ್ಕೂ ದೀಕ್ಷೆ ಕೊಡಿಸ್ಬಿಡೋಣ ಕಣೆ" ಎಂದು ಗೇಲಿ ಮಾಡುತ್ತಾರೆ. ನಗುವಷ್ಟು ತ್ರಾಣವೂ ನನಗಿಲ್ಲ.

ಮೊಟ್ಟೆಗಳನ್ನು ಹಿಂದಿನ ಸಾಲಿನ ಹುಲಿಗೆಮ್ಮ ಒಯ್ಯುತ್ತಿದ್ದಳು. ಕಳೆದ ತಿಂಗಳು ಆ ಕಂದು ಕೋಳಿ ಮಂಕಾಗಿ ಮೂಲೆ ಹಿಡಿಯಿತು. ರೋಗವೇನೋ ಎಂದು ಹೆದರಿದೆ. "ರೋಗ ಅಲ್ರವ್ವ, ಕಾವಿಗೆ ಕೂತೈತೆ" ಎಂದು ಹುಲಿಗೆಮ್ಮ ತಾನೇ ಹನ್ನೊಂದು ಮೊಟ್ಟೆ ತಂದುಕೊಟ್ಟಳು. ಮರಿಗಳಾದರೆ ನೋಡಲಿಕ್ಕಾದರೂ ನೀನು ಬಂದೇ ಬರುತ್ತೀಯ ಎಂದು ನನಗೂ ಆಸೆಯಾಯಿತು. ಹೊರಗೆ ಮಳೆ. ಬಚ್ಚಲ ಹಂಡೆಯ ಪಕ್ಕ ಬೆಚ್ಚಗಿರುತ್ತದೆಂದು ಅಲ್ಲೇ ಬುಟ್ಟಿಗೆ ಹುಲ್ಲು ಹಾಸಿದೆ. ಆದರೆ ಹಿಕ್ಕೆ ಅಂಟಿದ ಮೊಟ್ಟೆಗಳನ್ನು ಲಿಂಗಪೂಜೆ ಮಾಡುವ ಮನೆಯೊಳಗೆ ಹಾಗೇ ಹೇಗೆ ತರಲಿ? ಒಂದೊಂದನ್ನೇ ಬಿಸಿನೀರಲ್ಲಿ ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಒರೆಸಿ ಇಟ್ಟೆ.

ಇಪ್ಪತ್ತೊಂದು ದಿನ ಕಳೆಯಿತು. ಇಪ್ಪತ್ತೈದೂ ಆಯಿತು. ಆಮೇಲೆ ನಾತ ಬಂತು. ಹುಲಿಗೆಮ್ಮ ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ತೊಳೆದ್ರಾ?" ಎಂದಳು. ಹೂಂ ಎಂದೆ. "ಕಾವಿಗಿಡೋ ಮೊಟ್ಟೆನ ಯಾರಾದ್ರೂ ತೊಳೀತಾರೇನ್ರವ್ವ? ಅದರ ಮೈಮೇಲಿರೋದೇ ಅದಕ್ಕೆ ಕಾಪು" ಎಂದು ಹೇಳಿ ಹನ್ನೊಂದನ್ನೂ ತಿಪ್ಪೆಗೆ ಒಯ್ದಳು. ಕೋಳಿ ಮಾತ್ರ ಏಳಲಿಲ್ಲ. ಬರಿಯ ಹುಲ್ಲಿನ ಮೇಲೆ ರೆಕ್ಕೆ ಹರಡಿಕೊಂಡು ಈಗಲೂ ಕೂತಿದೆ. ಕೈ ಹಾಕಿದರೆ ಕುಕ್ಕುತ್ತದೆ. ನೀರು ಕಾಯಿಸಲು ಹೋದಾಗಲೆಲ್ಲ ಅದರ ಮುಖ ನೋಡಲಾರೆ.

ಸಾಕಾಗಿದೆ ರೋಶನ್. ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿಯೂ ಇಲ್ಲ. ಏಕೆ ಬರುತ್ತಿಲ್ಲ ನೀನು?

ಹಯಾತನಿಗೂ ಸೊಸೆಗೂ ನನ್ನ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ
ಮಹಾಂತಮ್ಮ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇಷ್ಟನ್ನು ಹಯಾತನ ಕೈಲಿ ಓದಿಸಬೇಡ, ನಿಧಾನವಾದರೂ ನೀನೇ ಓದಿಕೊ. ಮೊನ್ನೆ ಹೊಳೆಹೊನ್ನೂರಿನಿಂದ ಮಗಳು ಜಯಶೀಲಾ ಬಂದಿದ್ದಳು. ಮೊಟ್ಟೆಯ ಕಥೆ ಕೇಳಿ ಬಿದ್ದುಬಿದ್ದು ನಕ್ಕಳು. "ನನ್ನನ್ನೂ ಹಿಂಗೇ ತೊಳೀತಿದ್ದೆ ಅಲ್ವೇನಮ್ಮ, ರೋಶನಮ್ಮನ ಮನೇಲಿ ಆಡಿ ಬಂದಾಗೆಲ್ಲ" ಎಂದಳು. ಅವಳಿಗೆ ಅದು ತಮಾಷೆ. ಹಿತ್ತಿಲಲ್ಲಿ ನಿಲ್ಲಿಸಿ ತಲೆಮೇಲೆ ನೀರು ಹೊಯ್ದೇ ಒಳಗೆ ಬಿಡುತ್ತಿದ್ದೆ. ಅತ್ತೆಯ ಕಾಟಕ್ಕೆ ಎಂದುಕೊಳ್ಳುತ್ತಿದ್ದೆ. ಅತ್ತೆ ತೀರಿಕೊಂಡ ಮೇಲೂ ಹೊಯ್ದೆ. ಒಂದು ದಿನ ಬೇಲಿಯಾಚೆ ನೀನು ಮೊರ ಹಿಡಿದು ನಿಂತು ನೋಡುತ್ತಿದ್ದೆ. ನಾನೂ ನಿನ್ನನ್ನು ನೋಡಿದೆ. ನೋಡಿಯೂ ಚೊಂಬು ಕೆಳಗಿಡಲಿಲ್ಲ. ಮರುದಿನ ಬೆಳಿಗ್ಗೆ ನೀನು ಏನೂ ಆಗದವಳಂತೆ, ಮರಿ ಒಡೆದಿವೆ ನೋಡು ಬಾ ಎಂದು ಅವಳನ್ನು ಕರೆದೆ. ಹದಿನಾಲ್ಕು ವರ್ಷ ನೀನು ನಮ್ಮ ಹಿತ್ತಿಲ ಮೆಟ್ಟಿಲ ಮೇಲೇ ಕೂತು ಎದ್ದುಹೋದೆ, ಒಳಗೆ ಬಾ ಎಂದು ನಾನು ಒಮ್ಮೆಯೂ ಅನ್ನಲಿಲ್ಲ. ಕೋಳಿಗಳನ್ನು ಒಯ್ಯಲು ಬಂದಾಗ ಮುಂಬಾಗಿಲಿನಿಂದ ಬಾ.