ಪ್ರೊಫೆಸರರಿಗೆ ಪ್ರಾಂಪ್ಟಿಂಗ್

೪ ಜೂನ್ ೨೦೧೩, ಮಂಗಳವಾರ. ಬೆಳಿಗ್ಗೆ ೭

ಷವರ್ ಕೆಳಗೆ ಮತ್ತೆ ಅದೇ ಜಪಾನಿ ಸ್ವಪರಿಚಯ. "ಹಜಿಮೆಮಾಶಿತೆ, ದತ್ತಾತ್ರೇಯ ತೊ ಮೋಶಿಮಾಸು." ಬಿಸಿನೀರು ಮುಗಿಯುವವರೆಗೂ ಹೇಳಿದೆ. ಕೊನೆಯ ಪದಕ್ಕೆ ಸ್ವಲ್ಪ ರಾಗ ಎಳೆದೆ. ಪಕ್ಕದ ಯೂನಿಟ್ಟಿನ ಗ್ರಹಾಮ್ ಗೋಡೆ ತಟ್ಟಿದ. ಹೋದ ತಿಂಗಳು ಸಿಟ್ಟಿನಿಂದ ತಟ್ಟುತ್ತಿದ್ದ. ಈಗ ತಾಳಕ್ಕೆ ತಟ್ಟುತ್ತಾನೆ. ನಮ್ಮ ಮೌಂಟ್ ಆಲ್ಬರ್ಟ್ ಬಡಾವಣೆಯಲ್ಲಿ ಒಬ್ಬ ರಸಿಕ ತಯಾರಾಗುತ್ತಿದ್ದಾನೆ.

ಕಾಮಾಕ್ಷಿ ಅಡುಗೆಮನೆಯಿಂದ: "ರೀ, ಮಾನ್ಯ ಎದ್ಬಿಟ್ಳು. ಜಪಾನ್‌ಗೆ ಇಲ್ಲಿಂದ್ಲೇ ಕೇಳಿಸ್ಬೇಕಾ?"

ಮಾನ್ಯ ನಮ್ಮ ಪುಟ್ಟ ಮಗಳು. ನನ್ನ ಹೆಂಡತಿ ಮೈಸೂರಿನವಳು. ಅವರ ಕಡೆ ಮಾತನ್ನು ಕೈಗೆ ಕೊಡುತ್ತಾರೆ. ನಾನು ಬೆಳೆದದ್ದು ಗದಗಿನಲ್ಲಿ, ಅಪ್ಪನ ನಾಟಕ ಕಂಪನಿಯ ಡೇರೆಯ ಹಿಂದೆ. ನಮ್ಮಲ್ಲಿ ಮಾತನ್ನು ಕಟ್ಟಕಡೆಯಲ್ಲಿ ನೆಲದ ಮೇಲೆ ಕೂತವನತ್ತ ಎಸೆಯುತ್ತಾರೆ. ಕರೆಂಟು ಹೋದರೂ ಆಟ ನಿಲ್ಲಬಾರದು.

ಈ ತಿಂಗಳ ಹದಿನಾಲ್ಕಕ್ಕೆ ಸ್ಕೈಪ್ ಸಂದರ್ಶನ. ಎದುರಿಗೆ ಕುರಾಶಿಮಾ ಸೆನ್ಸೈ, ಅಂದರೆ ಗುರುಗಳು, ಉತ್ತರ ಜಪಾನಿನಲ್ಲಿ ಭೂಕಂಪ ಎಂಜಿನಿಯರಿಂಗ್ ಪ್ರೊಫೆಸರ್. ಅವರು ಹೂಂ ಎಂದರೆ ಪಿಎಚ್‌ಡಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬಹುದು. ಜುಲೈ ಹದಿನೈದು ಕಡೆಯ ದಿನ. ಅದು ಮೂವತ್ತೈದರ ಒಳಗಿನವರಿಗೆ ಮಾತ್ರ. ನನಗೀಗ ಮೂವತ್ನಾಲ್ಕು. ಮುಂದಿನ ವರ್ಷ ಗೇಟಿನಲ್ಲೇ ತಡೆಯುತ್ತಾರೆ.

ಎರಡು ವರ್ಷದ ಹಿಂದೆ ಭೂಕಂಪವಾದಾಗ ಎಂಜಿನಿಯರಾಗಿ ಕ್ರೈಸ್ಟ್‌ಚರ್ಚಿಗೆ ಹೋಗಿ, ಬಿರುಕು ಬಿಟ್ಟ ಮನೆಗಳನ್ನು ಪರೀಕ್ಷಿಸಿ, ಅಪಾಯವೋ ಸುರಕ್ಷಿತವೋ ಎಂದು ಕೆಂಪು-ಹಳದಿ-ಹಸಿರು ಸ್ಟಿಕರ್ ಅಂಟಿಸಿ ಬಂದಂದಿನಿಂದ ಹತ್ತಿದ ಹುಚ್ಚು ಇದು. ಇಳಿದಿಲ್ಲ.

೮ ಜೂನ್, ಶನಿವಾರ

ಬಾಟನಿ ಡೌನ್ಸ್. ಫುಮಿಕೊ ಸೆನ್ಸೈ ಮನೆಯಲ್ಲಿ ಜಪಾನಿ ಪಾಠ. ಎಪ್ಪತ್ತು ದಾಟಿದ ಅಜ್ಜಿ. ನಾನು ಬಾಯಿ ತೆರೆಯುವ ಮೊದಲೇ ಅಂಗೈ ಕೆಳಗೆ ಮಾಡಿ ರೇಡಿಯೋ ಸಣ್ಣದು ಮಾಡುವಂತೆ ತಿರುಗಿಸುತ್ತಾರೆ. ಇವತ್ತು ತಿರುಗಿಸುತ್ತಲೇ ಇದ್ದರು. ಸಾಕೆನ್ನುವ ಮಟ್ಟಕ್ಕೆ ಬಂದಾಗ ನನಗೇ ನನ್ನ ಮಾತು ಕೇಳಿಸಲಿಲ್ಲ.

೧೪ ಜೂನ್, ಶುಕ್ರವಾರ. ಸಂಜೆ

ಆಯಿತು. ಮಾನ ಉಳಿಯಿತು. ಯಾರ ಮಾನ ಎಂದರೆ, ಪ್ರೊಫೆಸರರದ್ದು.

ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಸೆನ್ಸೈ ಪ್ರತ್ಯಕ್ಷರಾದರು. ಬಿಳಿ ಕೂದಲು, ಬೂದು ಸ್ವೆಟರ್. ನಾನು ಏರುದನಿಯಲ್ಲಿ ಸ್ವಪರಿಚಯ ಬಿಟ್ಟೆ. ಅವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. ಜಪಾನೇ ಯಾಕೆಂದು ಇಂಗ್ಲಿಷಿನಲ್ಲಿ ಕೇಳಿದರು. ನಿರರ್ಗಳವಾಗಿ ಹೇಳಿದೆ.

ಆಮೇಲೆ ಅವರು ಮಾತಾಡಲಿಲ್ಲ. ತಲೆ ತಗ್ಗಿಸಿದರು. ಮೇಜು ನೋಡಿದರು. ತುಟಿ ಬಿಗಿದಿತ್ತು.

ಆ ಮುಖ ನನಗೆ ಗೊತ್ತು. ಪಾರ್ಟು ಮರೆತವನ ಮುಖ.

ಕಂಪನಿಯಲ್ಲಿ ಒಂದು ಧರ್ಮವಿದೆ. ಎದುರಿನವನು ಮಾತು ಮರೆತರೆ ಅವನನ್ನು ಸಭೆಯ ಮುಂದೆ ಬಿಟ್ಟುಕೊಡಬಾರದು. ಅವನ ಮಾತನ್ನು ನಿನ್ನ ಮಾತಿನೊಳಗೆ ಸೇರಿಸಿ ಆಟ ಮುಂದೆ ನೂಕಬೇಕು. ಮಂತ್ರಿ ಬಾಯಿ ಬಿಡದಿದ್ದರೆ ರಾಜನೇ ಹೇಳುತ್ತಾನೆ: "ಏಕೆ ಮಂತ್ರಿವರ್ಯಾ, ಮುಖ ಬಾಡಿದೆ? ಶತ್ರುಸೇನೆ ಗಡಿಗೆ ಬಂದಿದೆಯೆಂದು ಹೇಳಲು ಬಂದೆಯಾ?" ಜನಕ್ಕೆ ಸುಳಿವೇ ಸಿಗುವುದಿಲ್ಲ.

ಹಾಗೆಯೇ ಮಾಡಿದೆ. "ಸೆನ್ಸೈ, ಬಹುಶಃ ನನ್ನ ಸಂಶೋಧನೆಯ ವಿಧಾನ ಏನೆಂದು ಕೇಳಬೇಕೆಂದಿದ್ದೀರಿ" ಎಂದೆ. ಉತ್ತರವನ್ನೂ ಕೊಟ್ಟೆ. ಅವರು ಕತ್ತೆತ್ತಿ ನೋಡಿದರು. ಮತ್ತೆ ಮೌನ. ಪಾಪ, ಅದೂ ಮರೆತಿತ್ತು. "ಅಲ್ಲಿನ ಹಿಮ ತಡೆದೇನೇ ಎಂಬ ಚಿಂತೆ ತಮಗಿರಬಹುದು" ಎಂದೆ. ತಡೆಯುತ್ತೇನೆಂದೂ ಹೇಳಿದೆ. ಹೀಗೆ ಇಡೀ ಸಂದರ್ಶನ ಎರಡೂ ಪಾರ್ಟು ನಾನೇ ಹೊತ್ತು ದಡ ಸೇರಿಸಿದೆ. ಕೊನೆಗೆ ಅವರು ಬಗ್ಗಿ ನಮಸ್ಕರಿಸಿದರು. ನಾನು ಇನ್ನೂ ಬಗ್ಗಿದೆ. ಹಣೆ ಕೀಬೋರ್ಡಿಗೆ ತಾಗಿ ಕಾಲ್ ಕಟ್ ಆಯಿತು.

ಕಾಮಾಕ್ಷಿ ಹೇಗಾಯಿತೆಂದು ಕೇಳಿದಳು. "ಪಾಪ, ವಯಸ್ಸಾಗ್ಯದ. ಏನೂ ನೆನಪಿಲ್ಲ. ಎಲ್ಲಾ ನಾನ ಸಂಭಾಳಿಸಿದೆ" ಎಂದೆ.

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಅವಳಿಗೂ ಮಾತು ಮರೆತಿತ್ತೋ ಏನೋ.

೧೫ ಜೂನ್, ಶನಿವಾರ

ಫುಮಿಕೊ ಸೆನ್ಸೈಗೆ ಪೂರ್ತಿ ಅಭಿನಯಿಸಿ ತೋರಿಸಿದೆ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರರಾದರು.

"ದತ್ತಾ ಸಾನ್, ಅವರು ಮರೆತಿರಲಿಲ್ಲ. ನಿಮ್ಮ ಉತ್ತರವನ್ನು ಯೋಚಿಸುತ್ತಿದ್ದರು. ನೀವು ಹೇಳಿದ್ದಕ್ಕೆ ಅವರು ಕೊಟ್ಟ ಮರ್ಯಾದೆ ಅದು."

ಎಷ್ಟು ಸಲ ಕೊಟ್ಟಿದ್ದರು. ಎಲ್ಲವನ್ನೂ ಬಾಯಿಂದ ಕಿತ್ತುಕೊಂಡೆ.

ಕರೆದೊಯ್ಯಲು ಬಂದಿದ್ದ ಕಾಮಾಕ್ಷಿಯ ಜೊತೆ ಮನೆಗೆ ಬರುವಾಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ದಾರಿಯಲ್ಲಿ ಪನ್ಮ್ಯೂರ್ ಹತ್ತಿರ ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

೧೭ ಜೂನ್, ಸೋಮವಾರ

ಕ್ಷಮೆ ಕೋರಿ ಈಮೇಲ್ ಬರೆದೆ. ಆರು ಪ್ಯಾರಾ. ಕಾಮಾಕ್ಷಿ ಓದಿ, 'ಪದತಲದಲ್ಲಿ' ತೆಗೆದಳು, 'ಅಜ್ಞಾನಾಂಧಕಾರ' ತೆಗೆದಳು, ತೆಗೆಯುತ್ತಲೇ ಹೋದಳು. ಎರಡು ಸಾಲು ಉಳಿಯಿತು. ಕಳಿಸಿದೆ.

೨೦ ಜೂನ್, ಗುರುವಾರ

ಉತ್ತರ ಬಂತು. ಬರುವ ಬುಧವಾರ ಇನ್ನೊಮ್ಮೆ ಮಾತಾಡೋಣ, ಈ ಸಲ ತಮ್ಮ ಹತ್ತಿರವೂ ಕೆಲವು ಪ್ರಶ್ನೆಗಳಿವೆ ಎಂದು ಬರೆದಿದ್ದಾರೆ. ಕಾಮಾಕ್ಷಿ ಅದನ್ನು ಎರಡು ಸಲ ಓದಿ ಎರಡು ಸಲವೂ ನಕ್ಕಳು.

ವ್ರತ ಹಿಡಿದಿದ್ದೇನೆ. ಮೌನ ಬಂದರೆ ಕಲ್ಲಾಗಿ ಕೂರುವುದು. ಎಷ್ಟೇ ಉದ್ದವಾದರೂ ಸರಿ.

೨೬ ಜೂನ್, ಬುಧವಾರ. ಮಧ್ಯಾಹ್ನ ೩

ಕಲ್ಲಾಗಿ ಕೂತೆ.

ಸೆನ್ಸೈ ಬಂದರು. ಟೀ ಕಪ್ ಎತ್ತಿದರು. ಸುಮ್ಮನಾದರು. ನಾನೂ ಸುಮ್ಮನಾದೆ. ಬೆನ್ನು ನೇರ, ಕೈ ತೊಡೆಯ ಮೇಲೆ, ಮುಖದಲ್ಲಿ ಶಾಂತರಸ. ಮೌನ ಬೆಳೆಯಿತು. ಹೊರಗೆ ರೈಲು ಹೋಯಿತು. ಇನ್ನೊಂದು ರೈಲು ಹೋಯಿತು. ಎಂಥ ಏಕಾಗ್ರತೆ ಆ ಮನುಷ್ಯನದು, ರೆಪ್ಪೆ ಕೂಡ ಬಡಿಯುತ್ತಿಲ್ಲ. ನನಗೆ ಭಕ್ತಿ ಉಕ್ಕಿತು. ಇವರ ಕೈಕೆಳಗೆ ಕಲಿಯುವುದೇ ಪುಣ್ಯ ಅಂದುಕೊಂಡೆ.

ಕಾಮಾಕ್ಷಿ ಬಾಗಿಲಿನಿಂದ ಇಣುಕಿದಳು. ಸನ್ನೆ ಮಾಡಿ ಹೋಗೆಂದೆ. ಹೋಗಲಿಲ್ಲ.

"ರೀ, ಅದು ಹ್ಯಾಂಗ್ ಆಗಿದೆ. ಅವರ ಕಪ್ಪು ಆಗ್ಲಿಂದ ಗಾಳೀಲೇ ಇದೆ."

ಈಮೇಲ್ ತೆರೆದರೆ ಅವರದೇ ಮೂರು ಬಂದಿದ್ದವು. ಮೊದಲನೆಯದು: ಕೇಳಿಸುತ್ತಿದೆಯೇ? ಎರಡನೆಯದು: ಚಿತ್ರ ನಿಂತಿದೆಯೋ ನೀವು ನಿಂತಿದ್ದೀರೋ ತಿಳಿಯುತ್ತಿಲ್ಲ. ಮೂರನೆಯದು: ಕ್ಲಾಸಿಗೆ ಹೊತ್ತಾಯಿತು, ದಯವಿಟ್ಟು ಆರೋಗ್ಯ ನೋಡಿಕೊಳ್ಳಿ.

ಮತ್ತೆ ಯಾವಾಗ ಎಂದು ಬರೆದಿಲ್ಲ.

೨ ಜುಲೈ, ಮಂಗಳವಾರ

ಏನೂ ಇಲ್ಲ.

೧೧ ಜುಲೈ, ಗುರುವಾರ. ಸಂಜೆ ೫

ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಕೈ ಮಾನ್ಯಳ ಬೆನ್ನ ಮೇಲೆ. ಎರಡು ದಿನದಿಂದ ಅವಳಿಗೆ ಕಿವಿನೋವು. ಕಾಮಾಕ್ಷಿಗೆ ರಜೆ ಸಿಗಲಿಲ್ಲ, ನಾನು ಹಾಕಿದೆ. ಬೆಳಗಿನಿಂದ ಅತ್ತು, ಅಂತೂ ಮಧ್ಯಾಹ್ನ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಕೆಳಗಿಳಿಸಿದರೆ ಎಚ್ಚರ. ಕೆಮ್ಮಿದರೆ ಎಚ್ಚರ.

ಆಗ ಫೋನ್ ನಡುಗಿತು. ಜಪಾನಿನ ನಂಬರ್.

ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದೆ. "ಹಲೋ."

ಇವತ್ತು ಚಿತ್ರ ಬೇಡ, ಒಂದೇ ಪ್ರಶ್ನೆ ಎಂದರು ಕುರಾಶಿಮಾ ಸೆನ್ಸೈ. ಕ್ರೈಸ್ಟ್‌ಚರ್ಚಿನಲ್ಲಿ ಏನು ನೋಡಿದಿರಿ?

ಇದಕ್ಕೆ ನನ್ನ ಬಳಿ ಭಾಷಣ ಸಿದ್ಧವಿತ್ತು. ಧರಿತ್ರಿ ಬಾಯ್ದೆರೆದಳು ಎಂಬಲ್ಲಿಂದ ಶುರು. ಪಿಸುಮಾತಿನಲ್ಲಿ ಅದು ಏಳಲೇ ಇಲ್ಲ. ಹಾಗಾಗಿ ನಡೆದದ್ದನ್ನು ಹೇಳಿದೆ. ಒಬ್ಬ ಮುದುಕಿಯ ಮನೆ. ಚಿಮಣಿ ಮುರಿದು ಅಡುಗೆಮನೆಯೊಳಗೆ ಬಿದ್ದಿತ್ತು. ಕೆಂಪು ಸ್ಟಿಕರ್ ಅಂಟಿಸಿದೆ. ಅವಳು ಪಕ್ಕದ ಮನೆ ತೋರಿಸಿದಳು. ಅದೇ ಕಾಲದ್ದು, ಅದೇ ಮೇಸ್ತ್ರಿ ಕಟ್ಟಿದ್ದು. ಅದಕ್ಕೆ ಹಸಿರು. ಅದು ನಿಂತಿದೆ, ನನ್ನದು ಯಾಕೆ ಬಿತ್ತು ಎಂದು ಕೇಳಿದಳು. ನಾನು ಮಣ್ಣು, ತರಂಗ, ಗೋಡೆಯ ಕಟ್ಟು ಎಂದು ಬಹಳ ಮಾತಾಡಿದೆ. ಎಲ್ಲ ಕೇಳಿಸಿಕೊಂಡು, ತನ್ನ ಬೆಕ್ಕನ್ನು ಎತ್ತಿಕೊಂಡು ಹೋದಳು.

"ನನಗೆ ಗೊತ್ತಿರಲಿಲ್ಲ, ಸೆನ್ಸೈ. ಈಗಲೂ ಗೊತ್ತಿಲ್ಲ" ಎಂದೆ.

ಆ ಕಡೆ ಮೌನ.

ಹ್ಯಾಂಗ್ ಆಗಿರಲಿಲ್ಲ. ಉಸಿರು ಕೇಳಿಸುತ್ತಿತ್ತು. ನನ್ನ ನಾಲಿಗೆಯ ತುದಿಗೆ ಅವರ ಮಾತು ಬಂದು ನಿಂತಿತ್ತು... ತಾವು ಬಹುಶಃ ಹೀಗೆನ್ನಬೇಕೆಂದಿದ್ದೀರಿ... ಮಾನ್ಯ ಕತ್ತಿನ ಹತ್ತಿರ ಮುಲುಕಿದಳು. ನುಂಗಿಕೊಂಡೆ. ಕಾದೆ.

"ನನಗೂ ಗೊತ್ತಿಲ್ಲ" ಎಂದರು. "ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಏಪ್ರಿಲ್‌ಗೆ ಬನ್ನಿ. ಸೇರಿ ನೋಡೋಣ. ಅರ್ಜಿಗೆ ಬೇಕಾದ ಒಪ್ಪಿಗೆ ಇವತ್ತೇ ಕಳಿಸುತ್ತೇನೆ."

ಇಡುವ ಮೊದಲು, ನಿಮ್ಮ ಧ್ವನಿ ಇವತ್ತು ಬೇರೆ ಥರ ಇದೆ, ಹುಷಾರಾಗಿದ್ದೀರಾ ಎಂದು ಕೇಳಿದರು. ಹುಷಾರಾಗಿದ್ದೇನೆ, ಹೆಗಲ ಮೇಲೆ ಎರಡು ವರ್ಷದ ಮೇಲ್ವಿಚಾರಕಿ ಇದ್ದಾಳೆ ಎಂದೆ. ಅವರು ನಕ್ಕದ್ದು ಮೊದಲ ಸಲ ಕೇಳಿದೆ.

ಒಪ್ಪಿಗೆ ಬಂತು. ಓದಿದೆ. ನನ್ನದೇ ಹೆಸರು. ಸ್ಕಾಲರ್‌ಶಿಪ್ಪಿನವರು ಇನ್ನೂ ಹೂಂ ಅನ್ನಬೇಕು, ಅದು ಬೇರೆ ಅಂಕ. ಇವತ್ತಿನ ಅಂಕ ಗೆದ್ದೆ. ಎದೆಯೊಳಗೆ ಹಾರ್ಮೋನಿಯಂ, ತಬಲಾ, ಶಂಖ, ಎಲ್ಲ ಒಟ್ಟಿಗೆ ಹೊಡೆಯುತ್ತಿವೆ. ಮುಚ್ಚಿಕೊಂಡು ಕೂತಿದ್ದೇನೆ. ಕೂಸು ಏಳಬಾರದು.

ಡ್ರೈವ್‌ವೇನಲ್ಲಿ ಕಾರು. ಕಾಮಾಕ್ಷಿ ಬಂದಳು.

ಮೆಲ್ಲಗೆ ಹೇಳಬೇಕು. ಕಿವಿಯ ಹತ್ತಿರ ಹೋಗಿ ಎರಡೇ ಪದ. ಹೂಂ ಅಂದರು. ಅಷ್ಟೆ. ಮೆಲ್ಲಗೆ ಹೇಳುವುದು ಈಗ ನನಗೆ ಬರುತ್ತದೆ, ಮಧ್ಯಾಹ್ನ ಹೇಳಿದೆನಲ್ಲ. ಕೀಲಿ ತಿರುಗಿತು. ಮೆಲ್ಲಗೆ. ಬಾಗಿಲು ತೆರೆ...