ಉಂಗುರದ ಬದಲು ಹೆಡ್‌ಫೋನು

ಅಣ್ಣಿಗೇರಿ
ರವಿವಾರ, ತಾ. ೧೪-೯-೧೯೮೬

ಚಿರಂಜೀವಿ ಈರಪ್ಪನಿಗೆ,

ನಿನ್ನ ಮಾವ ಕುಬೇರಪ್ಪನ ಆಶೀರ್ವಾದ. ನಿನ್ನ ಅಕ್ಕ ಸಾವಿತ್ರೆವ್ವನದೂ ಸೇರಿಸಿಕೋ, ಬಾಜೂಕ ಕುಳಿತು ಮೆಂತ್ಯದ ಪಲ್ಯ ಸೋಸುತ್ತಿದ್ದಾಳೆ. ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ. ಅದಕ್ಕೆ ಕ್ಷೇಮ ಎನ್ನುವುದಾದರೆ ಕ್ಷೇಮದಿಂದಿದ್ದೇವೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಗಣಪತಿ ಕುಳಿತಾಗಿನಿಂದ ನನ್ನ ಮೈಕ್‌ಸೆಟ್ಟುಗಳೆಲ್ಲ ಊರೂರು ತಿರುಗುತ್ತಿವೆ, ಕೈ ಬಿಡುವಿಲ್ಲ ಎಂದು ಬರೆಯಬೇಕೆಂದಿದ್ದೆ. ನೀನು ನಂಬುತ್ತಿದ್ದೆ. ಆದರೆ ನಿಜವೆಂದರೆ ಮೂರು ಸಲ ಕಾಗದ ಹಿಡಿದು ಮೂರು ಸಲ ಹರಿದಿದ್ದೇನೆ. ಇದನ್ನು ಮನೆಯ ವಿಳಾಸಕ್ಕೆ ಹಾಕದೆ ನೀನು ಕೆಲಸ ಮಾಡುವ ಅಳ್ನಾವರ ಸ್ಟೇಷನ್ನಿನ ಬುಕಿಂಗ್ ಆಫೀಸಿಗೆ ಹಾಕಿದ್ದು ಮಗಳು ಗೌರಿಯ ಕೈಗೆ ಸಿಗಬಾರದೆಂದು. ನೀನು ನನಗೆ ಮೊದಲು ಹೆಂಡತಿಯ ತಮ್ಮ, ಆಮೇಲೆ ಮಗಳ ಗಂಡ. ಒಂದೇ ಹೆಸರಿಗೆ ಎರಡು ಖಾತೆ ಇಟ್ಟವನು ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಸೋರದಂತೆ ನೋಡಿಕೊಳ್ಳಬೇಕು. ಈ ಕಾಗದ ಹೆಂಡತಿಯ ತಮ್ಮನಿಗೆ. ಗೌರಿಗೆ ಈಗ ಆರನೆಯ ತಿಂಗಳು. ಆಕೆಗೆ ಇದನ್ನು ಓದಿ ಹೇಳಬೇಡ.

ಮಾತು ನೀವು ನಮ್ಮಲ್ಲಿ ಬಿಟ್ಟಿರುವ ನಿಮ್ಮ ಮಗಳು ಅನ್ನಿಯದು. ಕೂಸಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬ ಅಂಜಿಕೆ ನಮಗೆ ಬಂದಿದೆ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ನೀನೂ ಕುಡಿ. ಮುಂದಿನದನ್ನು ಹೆಡ್‌ಫೋನಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನನಗೆ ಇದು ತಿಳಿದದ್ದು ಅಲ್ಲಿಂದಲೇ.

'ದೀಪಾವಳಿಗಿ ಉಂಗುರ ಬ್ಯಾಡ್ರಿ ಮಾಮಾ, ಒಂದ ಛಲೋ ಹೆಡ್‌ಫೋನ್ ಕೊಡಸ್ರಿ' ಎಂದು ನೀನು ಬರೆದಾಗ ನಾನು ನಕ್ಕಿದ್ದೆ. ಅಳಿಯನಿಗೆ ಬಂಗಾರ ಹಾಕದೆ ವೈರು ಹಾಕಿದ ಮಾವ ಈ ಜಿಲ್ಲೆಯಲ್ಲಿ ನಾನೊಬ್ಬನೇ ಆಗುತ್ತಿದ್ದೆ. ಆದರೆ ನಿನ್ನ ಕಷ್ಟವೂ ತಿಳಿಯಿತು. ಪಕ್ಕದ ಕ್ವಾರ್ಟರ್ಸಿನ ಗಾರ್ಡ್ ಹಗಲು ಮಲಗುತ್ತಾನೆ, ನೀನು ಟೇಪು ಹಚ್ಚಿದರೆ ಗೋಡೆ ಗುದ್ದುತ್ತಾನೆ. ಹುಬ್ಬಳ್ಳಿಯ ಟೇಪಿನ ಅಂಗಡಿಯವನು ನನ್ನ ಹಳೆಯ ಪರಿಚಯ. ಮುಂಬಯಿಯಿಂದ ಬಂದ ಎರಡು ಭಾರೀ ಮಾಲು ಅವನಲ್ಲಿದ್ದವು, ಒಂದು ಜರ್ಮನಿಯದು, ಒಂದು ಜಪಾನಿನದು. ಮನೆಗೆ ಒಯ್ದು ಕೇಳಿ ನೋಡುತ್ತೇನೆ, ಒಪ್ಪದ್ದನ್ನು ತಿರುಗಿ ಕೊಡುತ್ತೇನೆ ಎಂಬ ಕರಾರಿನ ಮೇಲೆ ಎರಡನ್ನೂ ತಂದೆ. ಅವನು ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಮುಖ ಮಾಡಿದ್ದ.

ಪರೀಕ್ಷೆಗೆ ನನ್ನದೇ ಕ್ಯಾಸೆಟ್ಟು. ಹಿಂದೆ ಕುಂದಗೋಳದ ಒಂದು ಸಂಗೀತದ ಬೈಠಕ್ಕಿಗೆ ನಾನೇ ಮೈಕು ಹಚ್ಚಿ, ನಾನೇ ಟೇಪು ಮಾಡಿದ್ದೆನಲ್ಲ, ಅದು. ಅಲ್ಲಿ ಕುಳಿತು ಕೇಳಿದ್ದರಿಂದ ಯಾವುದು ಖರೆ ಯಾವುದು ಬಣ್ಣ ಎಂದು ನನಗೆ ಗೊತ್ತು. ಜಪಾನಿನದು ದಪ್ಪ ಚರ್ಮದ ಬಟ್ಟಲು, ಕಿವಿಯನ್ನು ಪೂರ್ತಿ ನುಂಗುತ್ತದೆ. ತಬಲಾಜೋಡಿಯ ಡಗ್ಗಾದ ಪೆಟ್ಟು ಎದೆಗೇ ಬಿದ್ದ ಹಾಗೆ. ಅರ್ಧ ತಾಸಿಗೆ ಕಿವಿ ಬೆವರಿ ಕುದಿಯುತ್ತದೆ, ಆದರೆ ಹೊರಗಿನ ಲೋಕ ಪೂರ್ತಿ ಬಂದ್. ಜರ್ಮನಿಯದು ಹಗುರ, ಮೆತ್ತನೆಯ ಬಟ್ಟೆಯ ದಿಂಬು, ಹಿಂಬದಿ ಜಾಳಿಗೆ. ಅದಕ್ಕೆ ಟೇಪಿನಲ್ಲಿ ವೈರು ಸಿಕ್ಕಿಸುವ ತೂತಿನ ಕಸುವು ಸಾಲದು, ಆಂಪ್ಲಿಫೈಯರಿಗೇ ಹಚ್ಚಬೇಕು. ಹಚ್ಚಿದ ಮೇಲೆ ಮಾತ್ರ ತಂಬೂರಿಯ ನಾಲ್ಕು ತಂತಿ ನಾಲ್ಕು ಕಡೆ ನಿಂತು ಮಾತಾಡುತ್ತವೆ. ಹಾಡುವವರು ತಾಳದ ಸಮಕ್ಕೆ ಬರುವ ಮುಂಚೆ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಆದರೆ ಅದರ ಸಪ್ಪಳ ಹೊರಗೆ ಸೋರುತ್ತದೆ. ನಿನ್ನಕ್ಕ ಅಡಿಗೆಮನೆಯಿಂದಲೇ, 'ಅದೇನ್ರಿ, ತಲಿಯೊಳಗ ಸೊಳ್ಳಿ ಹೊಕ್ಕಾವೇನು' ಎಂದು ಕೇಳಿದ್ದಳು.

ಅವತ್ತು ಮಧ್ಯಾಹ್ನ ನಾನು ಜಪಾನಿನದನ್ನು ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದೆ. ಅನ್ನಿ ನನ್ನ ತೊಡೆಯ ಮೇಲೆ, ಬೆನ್ನು ಅಡಿಗೆಮನೆಯ ಕಡೆ ಮಾಡಿ, ಖಾಲಿ ಕ್ಯಾಸೆಟ್ ಡಬ್ಬಿಯನ್ನು ತೆಗೆದು ಮುಚ್ಚಿ ಆಡುತ್ತಿದ್ದಳು. ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹಾರಿ ಓಡಿತು. ತಿರುಗಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ತಾಮ್ರದ ಕೊಡ ಉರುಳುತ್ತಿತ್ತು, ನಿನ್ನಕ್ಕ ನಿಂತಿದ್ದಳು. ಕಲ್ಲು ಹಾಸಿದ ನೆಲಕ್ಕೆ ಖಾಲಿ ಕೊಡ ಬಿದ್ದಿತ್ತು. ನನಗೆ ಏನೂ ಕೇಳಿರಲಿಲ್ಲ, ಮಾಲು ಅಷ್ಟು ಗಟ್ಟಿ ಎಂದು ಮೆಚ್ಚಿಕೊಂಡೆ. ಆಮೇಲೆ ತೊಡೆಯ ಮೇಲೆ ನೋಡಿದೆ. ಅನ್ನಿ ಡಬ್ಬಿ ಮುಚ್ಚುತ್ತಿದ್ದಳು.

ನನ್ನ ಕಿವಿ ಮುಚ್ಚಿತ್ತು ಈರಪ್ಪ. ಆಕೆಯದು ತೆರೆದೇ ಇತ್ತು.

ನೋಡು, ನಮ್ಮದು ಎಂಥ ಮನೆ. ಬೇರೆ ಯಾವ ಮನೆಯಲ್ಲಾದರೂ ಇದು ಎಂದೋ ತಿಳಿಯುತ್ತಿತ್ತು. ಮೈಕಿನ ಹಾರ್ನುಗಳನ್ನು ಪರೀಕ್ಷೆ ಮಾಡುವಾಗ ಬೀದಿಯ ನಾಯಿಗಳು ಊಳಿಡುತ್ತವೆ, ಈ ಕೂಸು ತೊಟ್ಟಿಲಲ್ಲಿ ಮಿಸುಕದೆ ಮಲಗುತ್ತಿತ್ತು. ಅದನ್ನು ನಾವು ಮಂದಿಗೆ ಹೇಳಿಕೊಂಡು ತಿರುಗಿದೆವು. ಬಾಜೂ ಮನೆಯ ರಹೀಮಾಬಿ, 'ಮೈಕಿನವರ ಕೂಸ್ರಿ ಇದು, ಬಾಂಬ್ ಬಿದ್ರೂ ಮಗ್ಗಲ ಬದಲಸಂಗಿಲ್ಲ' ಎಂದಾಗ ನಾನು ಪ್ರಶಸ್ತಿ ಬಂದವನ ಹಾಗೆ ಮೀಸೆ ತಿರುವಿದ್ದೆ. ಇನ್ನು ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ಎದೆ ಕೊಟ್ಟು ನಿಂತು, ಎರಡೂ ಅಂಗೈ ಅದರ ಮೇಲಿಟ್ಟು, ತಬಲಾ ಶುರುವಾದೊಡನೆ ಕಿಲಕಿಲ ನಗುವುದು. 'ಸಂಗೀತದ ಕೂಸು, ನನ್ನ ಹೊಟ್ಟಿಯಾಗ ಇಲ್ಲದ್ದು ಮೊಮ್ಮಗಳ ಹೊಟ್ಟಿಯಾಗ ಬಂತು' ಎಂದು ನಾನು ಪೇಟೆಯಲ್ಲೆಲ್ಲ ಸಾರಿದೆ. ಆಕೆ ಕೇಳಿ ನಗುತ್ತಿರಲಿಲ್ಲ. ಹಲಗೆ ನಡುಗುವುದು ಅಂಗೈಗೆ ಕಚಗುಳಿ ಇಡುತ್ತಿತ್ತು. ಸ್ಪೀಕರು ಮಾರಿ, ಬಾಡಿಗೆ ಕೊಟ್ಟು, ಬಿಚ್ಚಿ ಕೂಡಿಸಿ ತಲೆ ಬೆಳ್ಳಗಾದವನಿಗೆ ಇಷ್ಟು ಹೊಳೆಯಲಿಲ್ಲ. ಒಂದೂವರೆ ವರ್ಷವಾದರೂ ಮಾತು ಬರಲಿಲ್ಲ ಎಂದರೆ, ಅವರಪ್ಪ ಈರಪ್ಪನೂ ತಡವಾಗಿಯೇ ಮಾತಾಡಿದ ಎಂದು ಮೊದಲೇ ಉತ್ತರ ಕಟ್ಟಿ ಇಟ್ಟಿದ್ದೆವು.

ಕೊಡ ಬಿದ್ದ ಮೇಲೆ ನಾನು ಹೆಡ್‌ಫೋನು ತೆಗೆದು ಕೂಸಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ತಿರುಗಿದಳು. ಜೀವ ಬಂತು. ಮತ್ತೆ ನೋಡಿದರೆ ಬಾಗಿಲಿನ ಬಿಸಿಲಿಗೆ ನನ್ನ ನೆರಳು ಆಕೆಯ ಮುಂದೆ ಬಿದ್ದಿತ್ತು. ಬಾಗಿಲು ಮುಚ್ಚಿ ಮತ್ತೆ ತಟ್ಟಿದೆ. ಪೂಜೆಯ ಗಂಟೆ ಬಾರಿಸಿದೆ. ಸೀಟಿ ಊದಿದೆ. ಆಕೆ ಡಬ್ಬಿಯನ್ನು ಬಾಯಿಗಿಟ್ಟುಕೊಂಡು ಕುಳಿತಿದ್ದಳು. ಆಮೇಲೆ ಹುಚ್ಚನ ಹಾಗೆ ಜರ್ಮನಿಯ ಹೆಡ್‌ಫೋನನ್ನು ಆ ಸಣ್ಣ ತಲೆಗೆ ಹಿಡಿದು ಗುಂಡಿಯನ್ನು ಮೆಲ್ಲಗೆ ತಿರುವತೊಡಗಿದೆ. ಜಾಳಿಗೆಯಿಂದ ಸೋರಿದ ಸಪ್ಪಳವೇ ನನಗೆ ಸಾಕಷ್ಟು ಕೇಳುತ್ತಿತ್ತು. ಆಕೆ ನಗುತ್ತ ವೈರು ಜಗ್ಗುತ್ತಿದ್ದಳು. ಇನ್ನಷ್ಟು ತಿರುವಲು ಹೋದಾಗ ನಿನ್ನಕ್ಕ ಬಂದು ನನ್ನ ಮುಂಗೈ ಹಿಡಿದಳು.

'ಬಿಡ್ರಿ. ಕೇಳಸ್ತಿದ್ದರ ಕೂಸಿನ ಕಿವಿ ಹೋಗ್ತಾವ, ಕೇಳಸದಿದ್ದರ ನಿಮ್ಮ ಜೀವ ಹೋಗತೈತಿ.'

'ಕೊಡ ಕೈ ಜಾರಿತೇನು?' ಎಂದೆ. ಏನಾದರೂ ಕೇಳಬೇಕಿತ್ತು.

'ಜಾರಲಿಲ್ಲ, ಬಿಟ್ಟೆ.'

'ಏನು?'

'ನಿಮ್ಮ ಕಿವಿ ಮುಚ್ಚಿದ್ವಲ್ಲ, ಅದಕ್ಕ ಬಿಟ್ಟೆ. ನಾಗರ ಪಂಚಮಿಯಿಂದ ನೋಡಾಕತ್ತೇನಿ. ನೀವು ಅಂಗಡಿಗೆ ಹೋದಾಗೊಮ್ಮೆ ತಾಟು ಬಡಿತೇನಿ, ಬಾಗಲಾ ಬಡಿತೇನಿ. ಇವತ್ತ ಕೊಡ ಒಂದ ಉಳದಿತ್ತು.'

'ನನಗ ಹೇಳಾಕ ಏನಾಗಿತ್ತ ನಿನಗ?'

'ನಿಮಗ ಹೇಳಿದರ ಹಾರ್ನಿಗೆ ಹೇಳಿದಂಗ. ಸಂಜಿಮುಂದ ಸಂತಿ ತುಂಬ ಸುದ್ದಿ ಆಗತಿತ್ತು. ಆಮ್ಯಾಲ ಗೌರಿಗೆ ಮುಟ್ಟಾಕ ಎಷ್ಟೊತ್ತು?'

ನಾನು ಬಾಯಿಯಿಂದಲೇ ಮೇಲೆ ಬಂದವನು. ಸೈಕಲ್ಲಿಗೆ ಒಂದು ಹಾರ್ನು ಕಟ್ಟಿಕೊಂಡು ಸಿನೆಮಾ ಟೆಂಟಿನ ಜಾಹೀರಾತು ಕೂಗುತ್ತ ಶುರು ಮಾಡಿದ ಬದುಕು. ಯಾವುದನ್ನೂ ಸಣ್ಣ ದನಿಯಲ್ಲಿ ಹೇಳಿ ರೂಢಿಯಿಲ್ಲ. ಅದಕ್ಕೇ ಅರವತ್ತರ ಹತ್ತಿರ ಬಂದ ಇಬ್ಬರು ಒಂದೇ ಮನೆಯಲ್ಲಿದ್ದು, ಒಬ್ಬರು ಕಳ್ಳರ ಹಾಗೆ ತಾಟು ಬಡಿಯುತ್ತ, ಇನ್ನೊಬ್ಬರು ಏನೂ ತಿಳಿಯದೆ ಡಗ್ಗಾಕ್ಕೆ ತಲೆದೂಗುತ್ತ ದಿನ ಕಳೆದೆವು. ಅವತ್ತು ಆಕೆ ಕೊಡ ಎತ್ತಿ ನೋಡಿ, 'ನೆಗ್ಗಿತು' ಎಂದಳು. ಆಮೇಲೆ ಕೊಡವನ್ನು ಅಪ್ಪಿಕೊಂಡೇ ಕುಳಿತು ಅತ್ತಳು. ಅನ್ನಿ ಪುಟ್ಟ ಹೆಜ್ಜೆ ಇಟ್ಟು ಹೋಗಿ ಆಕೆಯ ಕಣ್ಣೊಳಗೆ ಬೆರಳು ಹಾಕಿ ನೀರು ಮುಟ್ಟಿ ನೋಡಿದಳು. ಅಳುವಿನ ಸಪ್ಪಳಕ್ಕಲ್ಲ, ಮುಖ ನೋಡಿ ಹೋದಳು. ಈಗ ನನಗೆ ಎಲ್ಲದರಲ್ಲೂ ಇದೇ ಕಾಣುತ್ತದೆ. ಕರೆದರೆ ಬಂದಳು ಎಂದುಕೊಂಡದ್ದೆಲ್ಲ ಕೈ ಮಾಡಿದ್ದಕ್ಕೆ ಬಂದದ್ದು.

ಗುರುವಾರ ಕೂಸನ್ನು ಕರೆದುಕೊಂಡು ರೈಲಿಗೆ ಹುಬ್ಬಳ್ಳಿಗೆ ಹೋಗಿದ್ದೆವು. ಕಿವಿಯ ಡಾಕ್ಟರು ಸಮಾಧಾನದ ಮನುಷ್ಯ. ಹಿಂದಿನಿಂದ ಗಿಲಕಿ ಆಡಿಸಿದರು, ಬಡಿದರೆ ಗುಂಯ್ ಎನ್ನುವ ಉಕ್ಕಿನ ಒಂದು ಕವಲನ್ನು ಬಡಿದು ಕಿವಿಯ ಬಳಿ ಹಿಡಿದರು. ಅನ್ನಿ ಅವರ ಚಷ್ಮಾ ಕಿತ್ತುಕೊಂಡಳು. ಹುಟ್ಟಿದ ಕೂಡಲೇ ಅತ್ತಿತೇ, ಕಾಮಾಲೆಯಾಗಿತ್ತೇ, ಬಸುರಿಯಿದ್ದಾಗ ತಾಯಿಗೆ ಜ್ವರ ಬಂದಿತ್ತೇ ಎಂದೆಲ್ಲ ಕೇಳಿದರು. ನಾನು ಪಟಪಟ ಉತ್ತರ ಕೊಟ್ಟೆ. ಕೊನೆಗೆ ಹೇಳಿದ್ದು ಇಷ್ಟು:

'ಮ್ಯಾಲ ನೋಡಿದರ ಕೇಳಸ್ತದ ಅಂತ ಅನಸೂದಿಲ್ರಿ. ಆದ್ರ ಇಷ್ಟ ಸಣ್ಣ ಕೂಸಿಗೆ ಪಕ್ಕಾ ಹೇಳಾಕ ನನ್ನ ಕಡೆ ಸಾಧನ ಇಲ್ಲ. ಮೈಸೂರಾಗ ಕಿವಿ-ಮಾತಿನ ದೊಡ್ಡ ಸಂಸ್ಥಾ ಐತಿ, ಅಲ್ಲಿಗೆ ಚೀಟಿ ಕೊಡತೇನಿ. ಅದಕ್ಕೂ ಮೊದಲ ತಂದಿ-ತಾಯಿನ್ನ ಕರಕೊಂಡ ಬರ್ರಿ, ಅವರ ಕೂಡ ಮಾತಾಡೂದೈತಿ.'

'ಮಾತ ಬರತಾವೇನ್ರಿ?' ಎಂದು ನಿನ್ನಕ್ಕ ಕೇಳಿದಳು.

'ಎಷ್ಟ ಕೇಳಸತೈತಿ ಅನ್ನೂದರ ಮ್ಯಾಲರಿ ಅವ್ವಾ. ಮಶೀನ್ ಹಾಕಿ ಕಲಿಸಿದರ ಬಂದಾವು. ತಡಾ ಮಾಡಬ್ಯಾಡ್ರಿ.'

ಬಂದಾವು ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಕುಳಿತಿದ್ದೇನೆ. ವ್ಯಾಪಾರದಲ್ಲಿ ಯಾರಾದರೂ ಹೀಗೆ ಮಾತು ಕೊಟ್ಟಿದ್ದರೆ ನಾನು ಅಂಗಡಿಯಿಂದ ಎದ್ದು ಬರುತ್ತಿದ್ದೆ.

ನನ್ನ ಅಂಜಿಕೆ ಏನೆಂದು ಬಿಚ್ಚಿ ಹೇಳುತ್ತೇನೆ. ಕೂಸು ನಮ್ಮ ಕಣ್ಣೆದುರಿಗಿರುವ ತನಕ ಚಿಂತೆಯಿಲ್ಲ. ಆದರೆ ನಿನ್ನೆ ಮುಂಜಾನೆ ಬಾಗಿಲು ತೆರೆದಿತ್ತು, ಅನ್ನಿ ಅಂಗಳ ದಾಟಿ ಬೀದಿಗೆ ಇಳಿದಿದ್ದಳು. ಹತ್ತಿಯ ಚೀಲ ಹೇರಿದ ಟ್ರ್ಯಾಕ್ಟರು ಹಿಂದಿನಿಂದ ಬರುತ್ತಿತ್ತು. ಡ್ರೈವರು ಹಾರ್ನು ಹೊಡೆಯುತ್ತಲೇ ಇದ್ದಾನೆ, ಸರಿಯುತ್ತಾಳೆಂದು. ನಾನು, 'ಅನ್ನೀ' ಎಂದು ಕೂಗಿದೆ. ನನ್ನ ದನಿ ಊರ ಅಗಸಿ ಬಾಗಿಲ ತನಕ ಹೋಗುತ್ತದೆ, ಹತ್ತು ಹೆಜ್ಜೆಯ ಆಚೆ ಇದ್ದ ಕೂಸಿಗೆ ಹೋಗಲಿಲ್ಲ. ರಹೀಮಾಬಿ ಓಡಿ ಎತ್ತಿಕೊಂಡಳು. ಎತ್ತಿದವಳು ನನ್ನ ಮುಖ ನೋಡಿ, 'ಕಾಕಾ, ನನಗೂ ಒಂದ ಸಲ ಅನಿಸಿತ್ತು. ಹೇಳಾಕ ಬಾಯಿ ಬರಲಿಲ್ಲ' ಎಂದಳು. ನಿನ್ನೆಯಿಂದ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಬಂದವರೆಲ್ಲ ಯಾಕೆಂದು ಕೇಳುತ್ತಾರೆ. ಬೆಕ್ಕು ಎಂದು ಹೇಳುತ್ತೇನೆ.

ಆದ್ದರಿಂದ ನೀನು ರಜೆ ಹಾಕಿ ಬಾ. ಸೋಮವಾರ ಇಪ್ಪತ್ತೆರಡಕ್ಕೆ ಡಾಕ್ಟರ ಬಳಿ ಹೋಗುವುದು. ಗೌರಿಗೆ ಏನು ಹೇಳಿ ಬರುತ್ತೀಯೋ ನಿನಗೆ ಬಿಟ್ಟದ್ದು. ಕೊನೆಗೊಂದು ದಿನ ಹೇಳಲೇಬೇಕು, ಅದನ್ನು ಎದುರಿಗೆ ಕುಳಿತು ನೀನು ಹೇಳಬೇಕು, ಅಂಚೆಯವನು ಹೇಳಬಾರದು. 'ತಮ್ಮಗ ಬೈಬ್ಯಾಡ್ರಿ, ಹೆದರಸಬ್ಯಾಡ್ರಿ' ಎಂದು ನಿನ್ನಕ್ಕ ಎರಡು ಸಲ ಹೇಳಿದ್ದಾಳೆ. ಬೈದಿಲ್ಲ. ಹೆದರಿಸದೆ ಬರೆಯುವ ವಿದ್ಯೆ ನನಗೆ ಬರಲಿಲ್ಲ, ನಾನೇ ಹೆದರಿದ್ದೇನೆ.

ಹೆಡ್‌ಫೋನಿನ ಮಾತು ಮುಗಿಸಿಬಿಡುತ್ತೇನೆ. ಜಪಾನಿನದನ್ನು ಗುರುವಾರವೇ ಹುಬ್ಬಳ್ಳಿಯಲ್ಲಿ ತಿರುಗಿ ಕೊಟ್ಟೆ. ಅಂಗಡಿಯವನು, 'ಇದರಾಗ ಏನ್ರಿ ಊನ, ಹೊರಗಿಂದ ಒಂದೂ ಕೇಳಂಗಿಲ್ಲ' ಎಂದ. ಅದೇ ಊನ ಎಂದೆ. ನಿನಗೆ ಜರ್ಮನಿಯದು ಇಟ್ಟಿದ್ದೇನೆ, ಅದಕ್ಕೆ ಹಚ್ಚಲು ನನ್ನದೊಂದು ಸಣ್ಣ ಆಂಪ್ಲಿಫೈಯರನ್ನೂ. ಸಪ್ಪಳ ಸ್ವಲ್ಪ ಸೋರಿದರೆ ಗಾರ್ಡ್ ಸತ್ತು ಹೋಗುವುದಿಲ್ಲ. ಮನೆಯೊಳಗೆ ಯಾರು ಅತ್ತರೂ ನಿನಗೆ ಕೇಳಬೇಕು. ಬಂದಾಗ ಒಯ್ಯುವಿಯಂತೆ, ಕೇಳುವ ಮನಸ್ಸಿದ್ದರೆ.

ನಿನ್ನ ಕೈಕಾಲು ಗಟ್ಟಿ ಇರಲಿ, ಗೌರಿಯ ಹೊಟ್ಟೆ ತಣ್ಣಗಿರಲಿ. ಬಸವಣ್ಣ ನಿಮ್ಮನ್ನು ಕಾಯಲಿ.

ನಿನ್ನ ಮಾವ,
ಕುಬೇರಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದ್ದರು, ಮೇಲೆ ಬರೆಯಲಿಲ್ಲ. 'ತಂದಿ-ತಾಯಿ ಲಗ್ನಕ್ಕಿಂತ ಮೊದಲ ಸಂಬಂಧದಾಗ ಏನರ ಆಗಬೇಕಿತ್ತೇನು?' ಎಂದರು. 'ಇಲ್ರಿ, ಹೊರಗಿನ ಹುಡುಗ' ಎಂದುಬಿಟ್ಟೆ. ತಾಯಿಗೆ ಸೋದರಮಾವ ಎಂದಿದ್ದರೆ ಮುಂದಿನ ಪ್ರಶ್ನೆ ಗೌರಿಯ ಹೊಟ್ಟೆಯಲ್ಲಿರುವುದಕ್ಕೆ ಬರುತ್ತಿತ್ತು. ಆ ಕೂಸಿಗೂ ಹೀಗೇ ಆದೀತೇ ಎಂಬುದಕ್ಕೆ ಅವರು ಏನು ಹೇಳುತ್ತಾರೋ ಕೇಳುವ ಧೈರ್ಯ ನನಗಿರಲಿಲ್ಲ. ತಮ್ಮನಿಗೇ ಮಗಳನ್ನು ಕೊಡೋಣವೆಂದು ಹಟ ಹಿಡಿದವಳು ನಿನ್ನಕ್ಕ, ಹೂಂ ಎಂದವನು ನಾನು. ರೈಲು ಹೊರಟ ಮೇಲೆ, 'ನನ್ನ ತಮ್ಮನ್ನ ಹೊರಗಿನಾಂವ ಮಾಡಿ ಬಂದ್ರಿ' ಎಂದಳು. ಸೋಮವಾರ ಖರೇ ಸಂಬಂಧವನ್ನು ನೀನೇ ಹೇಳು. ಮುಂದಿನ ಪ್ರಶ್ನೆಯನ್ನೂ ನೀನೇ ಕೇಳು. ನಾನು ಅನ್ನಿಯನ್ನು ಎತ್ತಿಕೊಂಡು ಹೊರಗೆ ನಿಂತಿರುತ್ತೇನೆ.